ಹೊಗಳಿದರೆ ಉಗುಳಬೇಕು

ತನ್ನ ಕಣ್ಣೇ ಸರಿಯಿಲ್ಲವೇನೋ ಎಂದು ಥೆಕ್ಲಾ ಆ ಬೆಳಿಗ್ಗೆ ಹಲ್ಲುಜ್ಜುತ್ತ ತನಗೆ ತಾನೇ ಒಪ್ಪಿಕೊಂಡಳು. ಕನ್ನಡಕ ಹಾಕಿದರೆ ಹೋಗುವ ತೊಂದರೆಯಲ್ಲ. ದೂರದ ಬಸ್ಸಿನ ನಂಬರನ್ನು ಅವಳು ನಿಲ್ದಾಣದಲ್ಲಿ ಎಲ್ಲರಿಗಿಂತ ಮೊದಲೇ ಓದಿಬಿಡುತ್ತಿದ್ದಳು. ಅವಳ ಕಣ್ಣು ಬೇರೆಯವರಿಗೆ ತಾಗುತ್ತಿತ್ತು. ಅದು ತೊಂದರೆ.

ಕನ್ನಡಿಯೊಳಗಿಂದ ಎರಡು ನೀಲಿ ಕಣ್ಣುಗಳು, ಹಾಲು ಕುಡಿದು ಮುಗಿಸಿದ ಬೆಕ್ಕಿನ ಹಾಗೆ, ಏನೂ ಅರಿಯದವರಂತೆ ಅವಳನ್ನೇ ನೋಡಿದವು. ಗ್ರೀಸಿನ ವಾಯವ್ಯಕ್ಕಿರುವ ಎಪಿರಸ್ಸಿನ ಬೆಟ್ಟದ ಊರಿನಲ್ಲಿ, ಮನೆತುಂಬ ಕಪ್ಪು ಕಣ್ಣಿನವರ ನಡುವೆ ಅವಳೊಬ್ಬಳೇ ನೀಲಿ ಕಣ್ಣಿನವಳು. ‘ನೀಲಿ ಕಣ್ಣು ಸುಮ್ನೆ ಬಿಡಲ್ಲ ಮಗಳೇ. ಏನನ್ನಾದ್ರೂ ಹೊಗಳಿದ್ಯೋ, ತಕ್ಷಣ ಮೂರು ಸಲ ಉಗುಳು’ ಎಂದು ಅಜ್ಜಿ ಕಲಿಸಿದ್ದಳು. ನೆಂಟರ ಮನೆಗೆ ಹೋದರೆ ತೊಟ್ಟಿಲ ಹತ್ತಿರ ಹೋಗುವ ಮುಂಚೆಯೇ ಅಜ್ಜಿಯ ಮೊಣಕೈ ಅವಳ ಪಕ್ಕೆಗೆ ತಿವಿಯುತ್ತಿತ್ತು. ಬೆಳೆದ ಮೇಲೆ ಥೆಕ್ಲಾ ಅಥೆನ್ಸಿಗೆ ಬಂದು ಶಿಕ್ಷಣಶಾಸ್ತ್ರ ಓದಿದಳು. ಅಲ್ಲಿ ಹೇಳಿಕೊಟ್ಟದ್ದೇ ಬೇರೆ. ಗಿಡಕ್ಕೆ ನೀರು ಹೇಗೋ ಮಗುವಿಗೆ ಹೊಗಳಿಕೆ ಹಾಗೆ ಎಂದರು. ಉಗುಳುವ ವಿಚಾರವನ್ನು ಯಾರೂ ಎತ್ತಲಿಲ್ಲ. ಹೀಗಾಗಿ ಈ ವಾರ ಅವಳು ಧಾರಾಳವಾಗಿ ನೀರು ಹಾಕಿದ್ದಳು.

ಸೋಮವಾರ ತಹ್ಮಿನಾಳ ಅಕ್ಷರ ನೋಡಿ ‘ಮುತ್ತು ಪೋಣಿಸಿದ ಹಾಗಿದೆ’ ಎಂದಳು. ಮರುದಿನ ತಹ್ಮಿನಾ ಜ್ವರ ಹಿಡಿದು ಮಲಗಿದಳು. ಮಂಗಳವಾರ ಲೆವಾನ್ ಹಾಡಿದ್ದನ್ನು ಕೇಳಿ ‘ಎಂಥ ಕಂಠವೋ!’ ಎಂದು ಕಣ್ಣೊರೆಸಿಕೊಂಡಳು. ಬುಧವಾರ ಅವನು ಬಾಯಿ ತೆರೆದರೆ ತುಕ್ಕು ಹಿಡಿದ ಗೇಟು ತೆಗೆದಂತೆ ಕೇಳುತ್ತಿತ್ತು. ಬುಧವಾರ ಅಂಗಳದಲ್ಲಿ ಓಡುತ್ತಿದ್ದ ಇಸೋಕೆನ್‌ಳನ್ನು ನೋಡಿ ‘ಗಾಳಿ ಕಣೇ ನೀನು!’ ಎಂದಳು. ಆ ಗಾಳಿ ಗಂಟೆಯೊಳಗೆ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿತು. ಗುರುವಾರ ಥೆಕ್ಲಾ ಭಯದಿಂದ ಯಾರ ಮುಖವನ್ನೂ ನೋಡದೆ, ನೆಲಕ್ಕೇ ಪಾಠ ಮಾಡಿ ಬಂದಿದ್ದಳು.

ಇವತ್ತು ಶುಕ್ರವಾರ. ಇವತ್ತು ನೆಲ ನೋಡಿಕೊಂಡು ನಿಂತರೆ ಆಗದು. ಇವತ್ತು ಮೌಲ್ಯಮಾಪನ.

ಅಥೆನ್ಸಿನ ಕಿಪ್ಸೇಲಿ ಬಡಾವಣೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಥೆಕ್ಲಾ ‘ಸ್ವಾಗತ ತರಗತಿ’ಯ ಟೀಚರ್. ಗ್ರೀಕ್ ಬಾರದ ಮಕ್ಕಳನ್ನು ದಿನಕ್ಕೆ ಕೆಲವು ಗಂಟೆ ಅವಳ ಬಳಿ ಕಳಿಸುತ್ತಿದ್ದರು. ಢಾಕಾದವರು, ತ್ಬಿಲಿಸಿಯವರು, ಬೆನಿನ್ ಸಿಟಿಯವರು, ಅಲೆಪ್ಪೊದವರು. ಸೆಪ್ಟೆಂಬರಿನಲ್ಲಿ ಅವರೆಲ್ಲ ದಂತವೈದ್ಯರ ಬಾಗಿಲಲ್ಲಿ ಸರದಿ ಕಾಯುವವರ ಹಾಗೆ ಒಬ್ಬರನ್ನೊಬ್ಬರು ನೋಡದೆ ಕೂರುತ್ತಿದ್ದರು. ಈಗ ಫೆಬ್ರವರಿ. ಈಗ ಒಂದು ಎಳ್ಳಿನ ಬಳೆಬ್ರೆಡ್ಡಿಗೆ ನಾಲ್ಕು ದೇಶಗಳು ಕಿತ್ತಾಡುತ್ತಿದ್ದವು, ಅದೂ ಗ್ರೀಕಿನಲ್ಲಿ. ಆ ಗಲಾಟೆ ಕೇಳಿದಾಗಲೆಲ್ಲ ಥೆಕ್ಲಾಳಿಗೆ ಇಗರ್ಜಿಯ ಗಂಟೆ ಕೇಳಿದಷ್ಟು ಸಮಾಧಾನವಾಗುತ್ತಿತ್ತು.

ಈ ತರಗತಿ ಇರಬೇಕೋ ಬೇಡವೋ ಎಂದು ನೋಡಲು ಇಲಾಖೆಯಿಂದ ಒಬ್ಬ ಮೇಡಂ ಬರುವವರಿದ್ದರು. ತರಗತಿ ಹೋದರೆ ಥೆಕ್ಲಾಳೂ ಹೋದಂತೆ. ಅವಳದು ವರ್ಷದ ಗುತ್ತಿಗೆ. ಎಲ್ಲಿಗೆ ಕಳಿಸಿದರೆ ಅಲ್ಲಿಗೆ. ಇಲ್ಲೇ ಇರುತ್ತೇನೆ ಎಂದು ಬಾಯಿಬಿಟ್ಟು ಕೇಳೋಣವೆಂದರೆ, ಮಕ್ಕಳ ಮುಂದೆ ಗಿಣಿಯಂತೆ ಮಾತಾಡುವ ಅವಳ ನಾಲಗೆ ದೊಡ್ಡವರ ಮುಂದೆ ಒದ್ದೆ ಬಟ್ಟೆಯಾಗುತ್ತಿತ್ತು. ಹೆಡ್‌ಮಾಸ್ಟರು ಏನು ಹೇಳಿದರೂ ತಲೆಯಾಡಿಸುವುದು, ಬೆಣ್ಣೆಯಂಗಡಿಯವನು ಬೇರೆ ಬೆಣ್ಣೆ ಕೊಟ್ಟರೂ ಥ್ಯಾಂಕ್ಸ್ ಹೇಳಿ ಬರುವುದು, ಇದು ಅವಳ ಜೀವನಕ್ರಮ.

ಶಾಲೆಯ ಗೇಟಿನ ಮುಂದೆ, ಕಹಿಕಿತ್ತಳೆ ಮರದ ಕೆಳಗೆ, ಮೂರು ಜನ ಅವಳಿಗಾಗಿ ಕಾಯುತ್ತಿದ್ದರು.

ಮೊದಲು ಮುಂದೆ ಬಂದವಳು ತಹ್ಮಿನಾಳ ತಾಯಿ ಶೆಫಾಲಿ. ‘ಟೀಚರ್, ಜ್ವರ ಬಿಟ್ಟಿದೆ, ಕರ್ಕೊಂಡ್ ಬಂದಿದೀನಿ’ ಎಂದು ಮಗಳನ್ನು ಮುಂದೆ ತಳ್ಳಿದಳು. ಹುಡುಗಿಯ ಹಣೆಯ ಮೇಲೆ ಆಲಿವ್ ಕಾಯಿಯಷ್ಟು ದೊಡ್ಡ ಕಾಡಿಗೆಯ ಬೊಟ್ಟು. ‘ದಮ್ಮಯ್ಯ ಅಂತೀನಿ, ಇವತ್ತೊಂದಿನ ಇವಳನ್ನ ಹೊಗಳಬೇಡಿ.’

ಥೆಕ್ಲಾ ತಲೆಯಾಡಿಸಿದಳು.

‘ನಾನಂತೂ ಇದನ್ನೆಲ್ಲ ನಂಬಲ್ಲ’ ಎಂದು ಮುಂದೆ ಬಂದಳು ಇಸೋಕೆನ್‌ಳ ತಾಯಿ ಅಡೆಸುವಾ. ಪಕ್ಕದ ಬೀದಿಯಲ್ಲಿ ಜಡೆ ಹೆಣೆಯುವ ಅಂಗಡಿ ಅವಳದು. ಎತ್ತರದ, ಗಟ್ಟಿ ದನಿಯ ಹೆಂಗಸು. ‘ನಮ್ಮ ಪಾಸ್ಟರು ಪ್ರತಿ ಭಾನುವಾರ ಹೇಳ್ತಾರೆ, ದೃಷ್ಟಿ ಗಿಷ್ಟಿ ಎಲ್ಲಾ ಸುಳ್ಳು ಅಂತ.’

‘ಮತ್ತೆ ಕೈಯಲ್ಲಿ ಅದೇನು ಬಾಟ್ಲಿ?’ ಎಂದಳು ಶೆಫಾಲಿ.

‘ಇದಾ? ಪ್ರಾರ್ಥನೆ ಮಾಡಿಸಿದ ಎಣ್ಣೆ. ನಂಬೋದು ಬೇರೆ, ಹುಷಾರಾಗಿರೋದು ಬೇರೆ. ಟೀಚರ್, ಸ್ವಲ್ಪ ಬಗ್ಗಿ.’

ಥೆಕ್ಲಾ ಬಗ್ಗಿದಳು. ಎಣ್ಣೆ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೂಗಿಗೆ ಇಳಿಯಿತು.

‘ಅಯ್ಯೋ, ಎಣ್ಣೆ ಹಚ್ಚಿಬಿಟ್ರೆ ಆಗೋಯ್ತಾ?’ ಎಂದಳು ಲೆವಾನನ ಅಜ್ಜಿ ನಾನುಲಿ. ಅದೇ ಬೀದಿಯಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದವಳು. ಆ ಮುದುಕಿಗಿಂತ ತಾನೇ ಎರಡು ವರ್ಷ ದೊಡ್ಡವಳು. ‘ನಮ್ಮ ಕಡೆ ಮಗು ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಯಾರಾದ್ರೂ ಅಂತಾರಾ? ಎಂಥ ಸೊಟ್ಟ ಮೂತಿ, ಎಂಥ ಕಾಗೆ ಸ್ವರ ಅಂತೀವಿ. ಕೆಟ್ಟ ಕಣ್ಣು ಅದನ್ನ ಕೇಳಿಸ್ಕೊಂಡು, ಇಲ್ಲೇನೂ ಇಲ್ಲ ಬಿಡು ಅಂತ ಹೊರಟೋಗುತ್ತೆ.’

‘ನಮ್ಮಲ್ಲೂ ಹಾಗೇ!’ ಎಂದಳು ಶೆಫಾಲಿ.

‘ನಮ್ಮಜ್ಜೀನೂ ಹಾಗೇ ಅಂತಿದ್ಲು’ ಎಂದು, ಏನನ್ನೂ ನಂಬದ ಅಡೆಸುವಾ ಒಪ್ಪಿಕೊಂಡಳು.

ಇಷ್ಟು ಹೊತ್ತಿಗೆ ನೆಲ ಒರೆಸುವ ಕೋಲು ಹಿಡಿದು ಶಾಲೆಯ ಆಯಾ ಸ್ತಮಾತಾ ಹೊರಗೆ ಬಂದಳು. ಶಾಲೆಯಲ್ಲಿ ಹೆಡ್‌ಮಾಸ್ಟರ ಮಾತು ನಡೆಯುವುದು ಅವರ ಕೋಣೆಯ ಬಾಗಿಲ ತನಕ, ಅಲ್ಲಿಂದಾಚೆ ಸ್ತಮಾತಾಳದು. ದೃಷ್ಟಿ ತೆಗೆಯುವ ಮಂತ್ರವನ್ನು ಸೋದರಮಾವನಿಂದ ಕಲಿತಿದ್ದಳು. ಗಂಡಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಗಂಡಸಿಗೆ ದಾಟಿದರೆ ಮಾತ್ರ ಅದಕ್ಕೆ ಬಲ. ನೀರಿನ ತಟ್ಟೆಗೆ ಒಂದು ಹನಿ ಎಣ್ಣೆ ಬಿಟ್ಟು ಅವಳು ಆಕಳಿಸತೊಡಗಿದರೆ ದೃಷ್ಟಿಯಾಗಿದೆ ಎಂದೇ ಲೆಕ್ಕ.

‘ಏನ್ರಮ್ಮಾ, ಗೇಟಲ್ಲೇ ಪಾರ್ಲಿಮೆಂಟಾ?’ ಎಂದು ಕೇಳಿ, ವಿಷಯ ತಿಳಿದು, ಕೋಲಿಗೆ ಗಲ್ಲ ಒರಗಿಸಿ ಯೋಚಿಸಿ, ತೀರ್ಪು ಕೊಟ್ಟಳು. ‘ನೋಡು ಥೆಕ್ಲಾ ಮಗಳೇ. ಮೊದಲ್ನೇದು, ಹೊಗಳಬೇಡ. ಬಾಯಿ ತಪ್ಪಿ ಹೊಗಳಿದ್ಯೋ, ಉಗುಳು. ಬಾಯಿ ಕೇಳೋದೇ ಇಲ್ಲ ಅಂದ್ರೆ ಈ ಅಜ್ಜಿ ಹೇಳ್ದಂಗೆ ಬೈದುಬಿಡು. ನಿನ್ನ ಕಣ್ಣು ನೋಡಿದ ದಿನಾನೇ ನಾನು ಕ್ಯಾಂಟೀನವನ ಹತ್ರ ಹೇಳಿದ್ದೆ, ಈ ಹುಡುಗಿ ಪಾಪದವಳು, ಆದ್ರೆ ಕಣ್ಣು ಮಾತ್ರ ಬೆಂಕಿಪೆಟ್ಟಿಗೆ ಅಂತ.’

ಥೆಕ್ಲಾ ಶಿಕ್ಷಣಶಾಸ್ತ್ರದ ಪದವೀಧರೆ. ಹೇಳಬೇಕಾದ ಮಾತು ಅವಳಲ್ಲಿ ಸಾಕಷ್ಟಿತ್ತು. ಅವಳು ಮೂಗಿನ ತುದಿಯ ಎಣ್ಣೆ ಒರೆಸಿಕೊಂಡು ಎಲ್ಲರಿಗೂ ಒಂದೊಂದು ಸಲ ತಲೆಯಾಡಿಸಿ ಒಳಗೆ ನಡೆದಳು.

ಒಳಗೆ ಹೆಡ್‌ಮಾಸ್ಟರು ಮಿಲ್ತೋಸ್ ಸರ್ ಹೊಸ ಟೈ ಕಟ್ಟಿಕೊಂಡು, ಮದುವೆಗೆ ಮುಂಚೆ ಮದುಮಗಳ ತಂದೆ ಓಡಾಡುವಂತೆ ಓಡಾಡುತ್ತಿದ್ದರು.

‘ಬನ್ನಿ ಬನ್ನಿ ಥೆಕ್ಲಾ. ಇದೇನು ಮುಖ ಮಿಂಚ್ತಾ ಇದೆ? ಒಳ್ಳೇದು, ಉತ್ಸಾಹ ಇರಬೇಕು. ನೋಡಿ, ಬರ್ತಾ ಇರೋದು ಅಸ್ಪಾಸಿಯಾ ಮೇಡಂ. ಅವರಿಗೆ ಒಂದೇ ಒಂದು ಹುಚ್ಚು. ಹೊಗಳಿಕೆ! ಟೀಚರ್ ಮಕ್ಕಳನ್ನ ಎಷ್ಟು ಹೊಗಳ್ತಾರೆ ಅಂತ ಲೆಕ್ಕ ಹಾಕ್ತಾರಂತೆ. ಕೈಯಲ್ಲಿ ಒಂದು ಪುಟ್ಟ ಯಂತ್ರ ಇಟ್ಕೊಂಡಿರ್ತಾರೆ. ನೀವು ಬ್ರಾವೊ ಅಂದ್ರೆ ಅದು ಟಿಕ್ ಅನ್ನುತ್ತೆ. ಹೋದ ವಾರ ಒಂದು ಶಾಲೆಯಲ್ಲಿ ಟಿಕ್ ಕಡಿಮೆ ಆಯ್ತು ಅಂತ ಮುಖ ಗಂಟು ಹಾಕ್ಕೊಂಡು ಎದ್ದೋದ್ರಂತೆ. ಹಾಗಾಗಿ ನೀವು ಉಸಿರು ಬಿಟ್ರೂ ಬ್ರಾವೊ ಅನ್ನಿ. ನಿಮ್ಮ ತರಗತಿ ಉಳಿಯೋದು ಬ್ರಾವೊದಲ್ಲೇ. ತಿಳೀತಾ?’

ಥೆಕ್ಲಾ ತಲೆಯಾಡಿಸಿದಳು. ಬೆಳಿಗ್ಗೆಯಿಂದ ಅವಳು ಒಪ್ಪಿಕೊಂಡ ಮಾತುಗಳು ಒಂದನ್ನೊಂದು ಕತ್ತು ಹಿಡಿದು ನೂಕಾಡುತ್ತ ಅವಳ ಹಿಂದೆಯೇ ಮೆಟ್ಟಿಲು ಹತ್ತಿದವು.

ತರಗತಿಯಲ್ಲಿ ಎಲ್ಲರೂ ಅವಳನ್ನೇ ಕಾಯುತ್ತಿದ್ದರು. ಕಾಡಿಗೆ ಬೊಟ್ಟಿನ ತಹ್ಮಿನಾ. ಕತ್ತಿಗೆ ಅಜ್ಜಿಯ ಉಣ್ಣೆಯ ಶಾಲು ಸುತ್ತಿಕೊಂಡ ಲೆವಾನ್. ಪಟ್ಟಿ ಕಟ್ಟಿದ ಕಾಲನ್ನು ಬೇರೆ ಕುರ್ಚಿಯ ಮೇಲೆ ರಾಣಿಯ ಹಾಗೆ ಚಾಚಿದ್ದ ಇಸೋಕೆನ್. ಇಸೋಕೆನ್ ಗ್ರೀಕ್ ಕಲಿತದ್ದು ಹೆಚ್ಚಾಗಿ ಸ್ತಮಾತಾಳ ಹಿಂದೆ ಸುತ್ತಿ. ಹಾಗಾಗಿ ಒಂಬತ್ತು ವರ್ಷದ ಆ ಹುಡುಗಿ ಕೂರುವಾಗ ‘ಅಯ್ಯೋ ದೇವರೇ ನನ್ನ ಸೊಂಟ’ ಎಂದೇ ಕೂರುತ್ತಿದ್ದಳು.

ಇವತ್ತಿನ ಪಾಠ ಗುಣಗಳನ್ನು ಹೇಳುವ ಪದಗಳು. ದೊಡ್ಡದು, ಚಿಕ್ಕದು, ಚೆಂದ, ವಿಕಾರ. ತಹ್ಮಿನಾ ಬರೆದು ಮುಗಿಸಿ ಪುಟವನ್ನು ಎತ್ತಿ ತೋರಿಸಿದಳು. ‘ಹೇಗಿದೆ ಟೀಚರ್?’

ಜ್ವರದಿಂದ ಎದ್ದು ಬಂದ ಕೈಯ ಬರಹ. ಆದರೂ ಸಾಲುಗಳು ದ್ರಾಕ್ಷಿ ಬಳ್ಳಿಯ ಹಾಗೆ ಬಳುಕಿ ನಿಂತಿದ್ದವು. ಥೆಕ್ಲಾಳ ಗಂಟಲಿನ ತನಕ ಹೊಗಳಿಕೆ ಉಕ್ಕಿ ಬಂತು. ಅವಳು ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ತಹ್ಮಿನಾಳ ಮುಖ ಬಾಡಿತು.

ಅದನ್ನು ನೋಡಲಾಗದೆ ಥೆಕ್ಲಾ ಬಾಯಿ ಬಿಟ್ಟಳು. ‘ಎಂಥ... ಎಂಥ ದರಿದ್ರ ಅಕ್ಷರ!’

ಸೂಜಿ ಬಿದ್ದಿದ್ದರೆ ಅದೂ ನಾಚಿಕೊಂಡು ಸದ್ದು ಮಾಡುತ್ತಿರಲಿಲ್ಲ. ಆಮೇಲೆ ತಹ್ಮಿನಾಳ ಮುಖ ನಿಧಾನವಾಗಿ ಅರಳಿತು. ‘ನಮ್ಮ ನಾನಿ ಥರಾನೇ ಅಂದ್ರಿ! ಅಂದ್ರೆ ಚೆನ್ನಾಗಿದೆ ಅಂತ!’

‘ನಮ್ಮಜ್ಜೀನೂ ಹಂಗೇ!’ ಎಂದು ಲೆವಾನ್ ಕರಕರ ದನಿಯಲ್ಲಿ ಕೂಗಿದ. ‘ನನ್ನ ಬೈಯಿರಿ ಟೀಚರ್, ನನ್ನ ಬೈಯಿರಿ!’

‘ಮೊದಲು ನಂದು!’ ಎಂದಳು ಇಸೋಕೆನ್. ‘ನಾನು ಕಾಲು ನೋವಲ್ಲೂ ಬಂದಿದೀನಿ. ದೊಡ್ಡದಾಗಿ ಬೈಬೇಕು.’

ಮುಂದಿನ ಕಾಲು ಗಂಟೆಯಲ್ಲಿ ನಡೆದದ್ದು ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ. ತಮ್ಮ ತಮ್ಮ ಮನೆಗಳಲ್ಲಿ ಮುದ್ದಿನ ಮಕ್ಕಳಿಗೆ ಏನೇನು ಬೈಯುತ್ತಾರೆಂದು ಒಬ್ಬೊಬ್ಬರೂ ಹುಡುಕಿ ಹುಡುಕಿ ಗ್ರೀಕಿಗೆ ತಂದರು. ಅಲೆಪ್ಪೊದ ಅವಳಿ ಹುಡುಗರು ‘ಸುಟ್ಟ ಬದನೆಕಾಯಿ’ ಕೊಟ್ಟರು. ಢಾಕಾದಿಂದ ‘ಗೂಬೆಮರಿ’ ಬಂತು. ‘ಇಲ್ಲ, ಗೂಬೆ ಇಲ್ಲಿ ಜಾಣ ಪಕ್ಷಿ, ಅದು ಹೊಗಳಿಕೆ ಆಗ್ಬಿಡುತ್ತೆ’ ಎಂದು ಇಸೋಕೆನ್ ತಕರಾರು ತೆಗೆದಳು. ಅಥೆನ್ಸಿನಲ್ಲಿ ಗೂಬೆ ಹೊಗಳಿಕೆಯೋ ಬೈಗುಳವೋ ಎಂದು ದೊಡ್ಡ ಚರ್ಚೆಯಾಯಿತು. ಕೊನೆಗೆ ಗೂಬೆಯನ್ನು ಕೈಬಿಟ್ಟು ಆ ಜಾಗಕ್ಕೆ ಪಾರಿವಾಳವನ್ನು ತೆಗೆದುಕೊಂಡರು, ಅದು ಎಲ್ಲರ ಬಾಲ್ಕನಿಯನ್ನೂ ಹೊಲಸು ಮಾಡುತ್ತದೆಂಬ ಕಾರಣಕ್ಕೆ. ಪದಗಳು ಹಲಗೆಯನ್ನು ತುಂಬಿ ಗೋಡೆಯ ಕಡೆ ನುಗ್ಗಿದವು. ಥೆಕ್ಲಾ ಮೈಮರೆತಳು. ಹುಟ್ಟಿದ ಮೇಲೆ ಯಾರನ್ನೂ ಬೈಯದವಳಿಗೆ, ಪ್ರೀತಿಯಿಂದ ಬೈಯುವುದು ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ.

ಲೆವಾನ್ ಎದ್ದು ಶಾಲು ಬಿಚ್ಚಿದ. ‘ನಿನ್ನೆಗಿಂತ ಗಂಟಲು ವಾಸಿ’ ಎಂದು, ಕಣ್ಣು ಮುಚ್ಚಿ, ಅವರ ಊರಿನ ಒಂದು ಹಾಡಿನ ಎರಡು ಸಾಲು ಮೆಲ್ಲಗೆ ಹಾಡಿದ. ಮರಳಿ ಬಂದ ಆ ದನಿ ಕೇಳಿ ಥೆಕ್ಲಾಳ ರೋಮ ಎದ್ದು ನಿಂತಿತು. ಅವಳು ಅವನ ಮುಂದೆ ಮೊಣಕಾಲೂರಿ ಕೂತು, ಅವನ ಎರಡೂ ಕೆನ್ನೆ ಹಿಡಿದು, ಎದೆ ತುಂಬಿ ಹೇಳಿದಳು: ‘ಕತ್ತೆ! ಕತ್ತೆ ಕಣೋ ನೀನು! ನಿನ್ನ ಹಾಡು ಕೇಳಿ ಸತ್ತವರೂ ಎದ್ದು ಓಡಿಹೋಗ್ತಾರೆ! ಥೂ, ಥೂ, ಥೂ!’

ಬಾಗಿಲು ಅಷ್ಟರಲ್ಲಿ ತೆರೆದಿತ್ತು. ಹೊಸಲಿನಲ್ಲಿ ಮಿಲ್ತೋಸ್ ಸರ್, ಅವರ ಪಕ್ಕದಲ್ಲಿ ಬೂದು ಕೂದಲಿನ, ಈಗತಾನೆ ಇಸ್ತ್ರಿ ಮಾಡಿದಂಥ ಒಬ್ಬ ಹೆಂಗಸು. ಅವರ ಕೈಯಲ್ಲಿ ಪುಟ್ಟ ಯಂತ್ರ. ಅದು ಟಿಕ್ ಅನ್ನಲಿಲ್ಲ.

‘ಇದು...’ ಎಂದರು ಮಿಲ್ತೋಸ್ ಸರ್. ಅವರ ಮುಖ ಮೊಸರಿನ ಬಣ್ಣಕ್ಕೆ ತಿರುಗಿತ್ತು. ‘ಇದು ನಾಟಕದ ಅಭ್ಯಾಸ ಮೇಡಂ.’

ಅಸ್ಪಾಸಿಯಾ ಮೇಡಂ ಹಿಂದಿನ ಸಾಲಿನ ಮಕ್ಕಳ ಕುರ್ಚಿಯೊಂದರಲ್ಲಿ ಕೂತರು. ಮೊಣಕಾಲು ಅವರ ಗಲ್ಲಕ್ಕೆ ತಾಗುತ್ತಿತ್ತು. ಕಣ್ಣು ಹಲಗೆಯ ಮೇಲೆ. ಅಲ್ಲಿ ಸುಟ್ಟ ಬದನೆಕಾಯಿ, ಸೊಟ್ಟ ಮೂತಿ, ಹೊಲಸು ಪಾರಿವಾಳ ಎಲ್ಲವೂ ಸಾಲಾಗಿ ಕೂತು ಅವರನ್ನು ಸ್ವಾಗತಿಸುತ್ತಿದ್ದವು.

ಥೆಕ್ಲಾಳ ನಾಲಗೆ ಒದ್ದೆ ಬಟ್ಟೆಯಾಯಿತು. ಮೇಡಂ ಹಿಂದೆ ನಿಂತ ಮಿಲ್ತೋಸ್ ಸರ್ ಮೂಕಾಭಿನಯದಲ್ಲಿ ‘ಬ್ರಾವೊ, ಬ್ರಾವೊ’ ಎಂದು ತುಟಿ ಆಡಿಸುತ್ತಿದ್ದರು. ಅವಳು ಧೈರ್ಯ ತಂದುಕೊಂಡು ‘ಬ್ರಾ...’ ಎಂದಳು. ಮಕ್ಕಳೆಲ್ಲ ಒಟ್ಟಿಗೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡರು, ಚಾವಣಿ ಕುಸಿಯುವುದೇನೋ ಎಂಬಂತೆ. ಅವಳು ಉಳಿದರ್ಧವನ್ನು ನುಂಗಿದಳು. ಯಂತ್ರದ ಮೇಲಿದ್ದ ಮೇಡಂ ಹೆಬ್ಬೆರಳು ಅರ್ಧದಲ್ಲೇ ನಿಂತಿತು.

‘ತಹ್ಮಿನಾ’ ಎಂದಳು ಥೆಕ್ಲಾ ಕಷ್ಟಪಟ್ಟು. ‘ಹಲಗೆ ಒರೆಸಿ, ನಿನಗಿಷ್ಟ ಬಂದದ್ದು ಬರಿ.’

ತಹ್ಮಿನಾ ಬದನೆಕಾಯಿಯನ್ನೂ ಪಾರಿವಾಳವನ್ನೂ ಒರೆಸಿದಳು. ಆಮೇಲೆ ತುದಿಗಾಲಲ್ಲಿ ನಿಂತು ಬರೆದಳು: ‘ಇಸೋಕೆನ್ ಎತ್ತರದ ಮೆಟ್ಟಿಲಿನ ಮೇಲೆ ಬಿದ್ದಳು. ಅವಳ ಚೀಲ ಭಾರ. ನಾವು ದಿನಕ್ಕೊಬ್ಬರು ಅದನ್ನು ಹೊರುತ್ತೇವೆ. ಅದರೊಳಗೆ ಕಲ್ಲಿದೆ ಎಂದು ನನ್ನ ಅನುಮಾನ.’

‘ಕಲ್ಲಲ್ಲ, ನಿಘಂಟು!’ ಎಂದು ಇಸೋಕೆನ್ ಕುರ್ಚಿಯಿಂದಲೇ ಕೂಗಿದಳು.

ಒಂದೂ ತಪ್ಪಿಲ್ಲ. ಮಿಲ್ತೋಸ್ ಸರ್ ಮೌಲ್ಯಮಾಪನವನ್ನೇ ಮರೆತರು. ‘ಬ್ರಾವೊ ಮಗಳೇ! ಆಹಾ, ಎಂಥ ಅಕ್ಷರ, ಎಂಥ ಬುದ್ಧಿ, ಎಂಥ ಚೆಂದದ...’

ಟಿಕ್, ಟಿಕ್, ಟಿಕ್ ಎಂದಿತು ಯಂತ್ರ. ತರಗತಿಯಲ್ಲಿ ಹಾಹಾಕಾರ ಎದ್ದಿತು.

‘ಉಗುಳಿ ಸರ್!’ ಎಂದು ಕಿರುಚಿದ ಲೆವಾನ್.

‘ಬೇಗ ಉಗುಳಿ! ಇಲ್ಲಾಂದ್ರೆ ಅವಳಿಗೆ ಮತ್ತೆ ಜ್ವರ ಬರುತ್ತೆ!’ ಎಂದಳು ಇಸೋಕೆನ್. ‘ಅಯ್ಯೋ ದೇವರೇ, ಈ ಗಂಡಸರಿಗೆ ಏನೂ ಗೊತ್ತಾಗಲ್ಲ!’

ಮಿಲ್ತೋಸ್ ಸರ್ ಮೇಡಂ ಕಡೆ ನೋಡಿದರು, ಮಕ್ಕಳ ಕಡೆ ನೋಡಿದರು. ಅವರೂ ಒಬ್ಬ ಅಜ್ಜಿಯ ಮೊಮ್ಮಗನೇ. ಟೈಯನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಹಿಡಿದು, ಇಲಾಖೆಯ ಪ್ರತಿನಿಧಿಯ ಎದುರಿನಲ್ಲಿ, ಮೆಲ್ಲಗೆ ‘ಥೂ, ಥೂ, ಥೂ’ ಎಂದರು. ಸಾಲದೆಂದು ತರಗತಿಯೂ ಸೇರಿಕೊಂಡಿತು. ಎಲ್ಲ ದಿಕ್ಕಿನಿಂದ ತಹ್ಮಿನಾಳ ಮೇಲೆ ಒಣ ಉಗುಳಿನ ಮಳೆ. ಅವಳು ಅದರ ನಡುವೆ ಹೂಮಾಲೆ ಹಾಕಿಸಿಕೊಂಡವಳಂತೆ ನಿಂತಿದ್ದಳು. 

ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ ಸ್ತಮಾತಾಳಿಗೆ ಇನ್ನು ತಡೆಯಲಾಗಲಿಲ್ಲ. ನೀರಿನ ತಟ್ಟೆ, ಎಣ್ಣೆ ಬಾಟಲಿ ಹಿಡಿದು ಒಳಗೆ ಬಂದೇಬಿಟ್ಟಳು. ‘ಪಕ್ಕಕ್ಕೆ ಸರೀರಿ. ಹೆಡ್‌ಮಾಸ್ಟರ ಉಗುಳು ಎಷ್ಟರಮಟ್ಟಿಗೆ ನಾಟಿದೆಯೋ ನೋಡ್ಬೇಕು.’

ಅಸ್ಪಾಸಿಯಾ ಮೇಡಂ ಎದ್ದು ನಿಂತರು. ತರಗತಿ ಹೋಯಿತು ಎಂದುಕೊಂಡಳು ಥೆಕ್ಲಾ. ಮೇಡಂ ನೇರ ತಹ್ಮಿನಾಳ ಬಳಿ ಹೋಗಿ ಬಗ್ಗಿದರು.

‘ಮಗು, ಟೀಚರ್ ನಿಮ್ಮನ್ನ ಬೈದು ಉಗುಳಿದ್ರೆ ನಿಮಗೆ ಬೇಜಾರಾಗಲ್ವಾ?’

ತಹ್ಮಿನಾ ಹೊಸಬರೊಡನೆ ಮಾತಾಡಿದವಳಲ್ಲ. ಒಂದು ಸಲ ಥೆಕ್ಲಾಳನ್ನು ನೋಡಿ, ಉಸಿರೆಳೆದುಕೊಂಡು ಹೇಳಿದಳು. ‘ಇಲ್ಲ ಮೇಡಂ. ನಮ್ಮ ಟೀಚರಿಗೆ ನಮ್ಮ ಮೇಲೆ ತುಂಬಾ ಪ್ರೀತಿ. ಅವರ ಕಣ್ಣು ನೀಲಿ. ಹೊಗಳಿದ್ರೆ ನಮಗೆ ಹುಷಾರಿರಲ್ಲ ಅಂತ ಅವರಿಗೆ ಭಯ. ಮೊದ್ಲು ನನ್ನ ಅಕ್ಷರ ನೋಡಿ ಕಿಟಕಿ ಕಡೆ ತಿರುಗ್ಬಿಟ್ರು, ಆವಾಗ ಬೇಜಾರಾಯ್ತು. ಆಮೇಲೆ ಬೈದ್ರು, ಸಮಾಧಾನ ಆಯ್ತು.’

‘ಅವಳಿಗೆ ಜ್ವರ ಬಂದಿದ್ದು ದೃಷ್ಟಿಯಿಂದ ಅಲ್ಲ’ ಎಂದ ಲೆವಾನ್. ‘ಮಳೇಲಿ ಟೋಪಿ ಹಾಕ್ಕೊಂಡಿರಲಿಲ್ಲ. ನಾನೇ ನೋಡಿದೆ.’

‘ನೀನು ಐಸ್‌ಕ್ರೀಮ್ ತಿಂದು ಗಂಟಲು ಕೆಡಿಸ್ಕೊಂಡಿದ್ದು ನಾನು ಹೇಳಲಾ?’ ಎಂದಳು ತಹ್ಮಿನಾ.

‘ಹೇಳಿಬಿಟ್ಯಲ್ಲೇ!’

‘ಇಬ್ರೂ ಸುಮ್ನಿರ್ರೋ’ ಎಂದಳು ಇಸೋಕೆನ್. ‘ಮೇಡಂ, ವಿಷಯ ಏನಂದ್ರೆ, ನಾನು ಬಿದ್ದಿದ್ದು ಈ ಸ್ತಮಾತಾ ಆಂಟಿ ಮೆಟ್ಟಿಲಿಗೆ ಜಾಸ್ತಿ ಸೋಪು ಹಾಕಿದ್ರಿಂದ. ಆದ್ರೆ ಆಂಟಿ ಬೇಜಾರು ಮಾಡ್ಕೋತಾರೆ ಅಂತ ದೃಷ್ಟಿ ಅಂತಾನೇ ಇಟ್ಕೊಂಡಿದೀವಿ.’

ಸ್ತಮಾತಾ ತಟ್ಟೆಯ ನೀರನ್ನು ಬಹಳ ಗಮನವಿಟ್ಟು ನೋಡತೊಡಗಿದಳು.

ಮೂವರೂ ವಾದಕ್ಕೆ ಬಿದ್ದರು. ಅವಳಿಗಳು ಸೇರಿಕೊಂಡರು. ಯಾರ ಅಜ್ಜಿಯ ಮದ್ದು ಗಟ್ಟಿ, ಸೋಪಿನ ಪಾಲೆಷ್ಟು, ದೃಷ್ಟಿಯ ಪಾಲೆಷ್ಟು ಎಂದು ಇಡೀ ತರಗತಿ ಎದ್ದು ನಿಂತು ಚರ್ಚಿಸಿತು. ಒಬ್ಬ ತಡವರಿಸಿದರೆ ಇನ್ನೊಬ್ಬ ಪದ ಎತ್ತಿ ಕೊಡುತ್ತಿದ್ದ. ಕೊಟ್ಟ ಪದದಿಂದಲೇ ಅವನಿಗೆ ತಿರುಗಿಸಿ ಬಾರಿಸುತ್ತಿದ್ದರು. ಅಸ್ಪಾಸಿಯಾ ಮೇಡಂ ಮಗುವಿನ ಕುರ್ಚಿಯನ್ನು ಎಳೆದುಕೊಂಡು ಮಧ್ಯದಲ್ಲೇ ಕೂತರು. ಯಂತ್ರ ಅವರ ಮಡಿಲಿನಿಂದ ಜಾರಿ ನೆಲಕ್ಕೆ ಬಿದ್ದು ತಾನಾಗಿ ಒಂದು ಸಲ ಟಿಕ್ ಎಂದಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಬದಲಿಗೆ ಇಸೋಕೆನ್‌ಳ ಜೊತೆ ಸೋಪಿನ ವಿಷಯದಲ್ಲಿ ವಾದಕ್ಕಿಳಿದು, ಸೋತರು.

ಗಂಟೆ ಹೊಡೆದು ಮನೆಗೆ ಹೋಗುವ ಹೊತ್ತಾದಾಗ ಕೆಳಗಿನ ಪಡಸಾಲೆಯಲ್ಲಿ ಜಾತ್ರೆಯಷ್ಟು ಜನ. ಶೆಫಾಲಿ, ಅಡೆಸುವಾ, ನಾನುಲಿ ಮುಂದಿನ ಸಾಲಿನಲ್ಲಿ. ಮಕ್ಕಳು ಮೆಟ್ಟಿಲ ತುಂಬ. ಅಸ್ಪಾಸಿಯಾ ಮೇಡಂ ಫೋನಿನಲ್ಲಿ ಮಾತು ಮುಗಿಸಿ ಬಂದು ಥೆಕ್ಲಾಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ನಾನು ಈ ಕೆಲಸಕ್ಕೆ ಬಂದು ತಲೆ ಹಣ್ಣಾಯ್ತು. ಗೋಡೆ ಮೇಲೆಲ್ಲ ಸ್ವಾಗತ, ಸುಸ್ವಾಗತ ಅಂತ ಬರ್ಕೊಂಡಿರೋ ಶಾಲೆಗಳನ್ನ ಎಷ್ಟೋ ನೋಡಿದೀನಿ. ಮಕ್ಕಳು ಹೀಗೆ ಒಬ್ಬರನ್ನೊಬ್ಬರು ರೇಗಿಸ್ಕೊಂಡು, ಕಾಪಾಡ್ಕೊಂಡಿರೋದನ್ನ ಇವತ್ತೇ ನೋಡಿದ್ದು. ನೀವು ತುಂಬಾ ಒಳ್ಳೇ ಟೀಚರ್ ಥೆಕ್ಲಾ.’

‘ಉಗುಳಮ್ಮ ತಾಯಿ, ಉಗುಳು’ ಎಂದು ಸ್ತಮಾತಾ ಹಿಂದಿನಿಂದ ಗೊಣಗಿದಳು.

‘ನಿಮ್ಮಂಥವರು ಸಿಗೋದು ಅಪರೂಪ’ ಎಂದರು ಮೇಡಂ, ಉಗುಳದೆ.

ನಾನುಲಿ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮಿಲ್ತೋಸ್ ಸರ್ ಮಾತ್ರ ಹಿಗ್ಗಿನಿಂದ ಟೈ ಸರಿಮಾಡಿಕೊಳ್ಳುತ್ತ, ‘ಹಾಗಾದ್ರೆ ತರಗತಿ...’ ಎಂದರು.

‘ಸೋಮವಾರದಿಂದ ಇರಲ್ಲ’ ಎಂದರು ಮೇಡಂ ಸಂತೋಷದಿಂದ. ‘ಯಾಕಿರಬೇಕು ಹೇಳಿ? ಸ್ವಾಗತ ತರಗತಿ ಇರೋದು ಗ್ರೀಕ್ ಬಾರದವರಿಗೆ. ಈ ಮಕ್ಕಳು ಗ್ರೀಕಿನಲ್ಲಿ ನನ್ನನ್ನೇ ಸೋಲಿಸಿಬಿಟ್ರು! ಇನ್ನು ಇವರೆಲ್ಲ ದೊಡ್ಡ ತರಗತಿಗಳಲ್ಲಿ ಬೇರೆ ಮಕ್ಕಳ ಜೊತೆ ಕೂತ್ಕೋಬೇಕು. ಪಿರೇಯಸ್ಸಿನ ಬಂದರಿನ ಹತ್ರ ಒಂದು ಶಾಲೆ ಇದೆ, ಹೊಸದಾಗಿ ಬಂದ ಮಕ್ಕಳು ಒಂದು ಪದ ಗೊತ್ತಿಲ್ಲದೆ ಬಾಯಿ ಮುಚ್ಕೊಂಡು ಕೂತಿದಾರೆ. ಅಲ್ಲಿಗೆ ಇಂಥ ಟೀಚರೇ ಬೇಕು ಅಂತ ಈಗಷ್ಟೇ ಫೋನ್ ಮಾಡಿ ಗಟ್ಟಿ ಮಾಡ್ದೆ. ಆರ್ಡರ್ ಆಗೋಯ್ತು. ನಿಮಗೆ ಒಳ್ಳೇ ಹೆಸರು ಬರುತ್ತೆ ನೋಡ್ತಿರಿ.’

ಮೆಟ್ಟಿಲ ಮೇಲೆ ಮಕ್ಕಳು ಹೋ ಎಂದರು. ‘ಅಂದ್ರೆ ನಾವು ಪಾಸಾ?’ ಎಂದು ಇಸೋಕೆನ್ ಕಂಬಿ ಹಿಡಿದು ಒಂಟಿ ಕಾಲಲ್ಲಿ ಕುಣಿದಳು. ‘ದೊಡ್ಡ ಕ್ಲಾಸು! ಟೀಚರ್, ನಾವು ದೊಡ್ಡ ಕ್ಲಾಸು!’ ಟೀಚರ್ ತಮ್ಮ ಜೊತೆ ಬರುವುದಿಲ್ಲ ಎಂಬುದು ಅವರ ತಲೆಗೆ ಇನ್ನೂ ಹೋಗಿರಲಿಲ್ಲ. ಮೊದಲು ಅರ್ಥವಾದದ್ದು ತಹ್ಮಿನಾಳಿಗೆ. ಅವಳು ಕುಣಿಯುವುದನ್ನು ನಿಲ್ಲಿಸಿ ಕೆಳಗೆ ನೋಡಿದಳು.

ಸ್ತಮಾತಾ ದವಡೆ ಕಳಚುವಷ್ಟು ದೊಡ್ಡದಾಗಿ ಆಕಳಿಸಿದಳು. ಶೆಫಾಲಿಗೆ ಹೊಳೆಯಿತು; ಬ್ಯಾಗಿನಲ್ಲಿ ಕಾಡಿಗೆ ಹುಡುಕತೊಡಗಿದಳು. ಅಡೆಸುವಾ ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದಳು. ಆದರೆ ಎಲ್ಲರಿಗೂ ಗೊತ್ತಿತ್ತು, ಹೊತ್ತು ಮೀರಿದೆ. ಇಲಾಖೆಯ ಹೊಗಳಿಕೆಗೆ ಯಾವ ಅಜ್ಜಿಯ ಬಳಿಯೂ ಮದ್ದಿಲ್ಲ.

‘ಸಂತೋಷ ತಾನೇ?’ ಎಂದರು ಅಸ್ಪಾಸಿಯಾ ಮೇಡಂ. ಅವರ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ.

ಥೆಕ್ಲಾಳ ಕತ್ತು ಅಭ್ಯಾಸಬಲದಿಂದ ಕೆಳಗೆ ಬಾಗಲು ಹೊರಟಿತು. ಅವಳು ಅದನ್ನು ಅಲ್ಲೇ ತಡೆದಳು. ಪಡಸಾಲೆಯಲ್ಲಿದ್ದ ದೊಡ್ಡವರೆಲ್ಲ ಅವಳನ್ನೇ ನೋಡುತ್ತಿದ್ದರು. ಬಾಯಿ ಒಣಗಿ ಉಗುಳಲೂ ಪಸೆಯಿರಲಿಲ್ಲ. ಆದರೂ ಮಾತು ಬಂತು. ಅದು ಕೊನೆಯ ಮೆಟ್ಟಿಲಿನ ತನಕ ಕೇಳಿಸಿತು.

‘ಮೇಡಂ, ಇವರಿಗೆ ನಾನು ಬೇಕಾಗಿಲ್ಲದೆ ಇರಬಹುದು. ನನಗೆ ಇವರು ಬೇಕು.’